ಗುತ್ತಿಗಾರಿನ ಆ ಮಳೆಗಾಲ

ಸುಳ್ಯದಲ್ಲಿ ಸುಬ್ರಹ್ಮಣ್ಯದ ಬಸ್ಸು ಹತ್ತಿ ಎಲಿಮಲೆ ದಾಟಿದಿರೆಂದರೆ ಗುತ್ತಿಗಾರು ಹತ್ತಿರವಾಯಿತು. ರಸ್ತೆಯ ಬದಿಗೆ ಅಡಿಕೆ ತೋಟ, ಗುಡ್ಡದ ಮೇಲೆ ರಬ್ಬರು, ಪೂರ್ವಕ್ಕೆ ಮೋಡ ಹೊದ್ದ ಘಟ್ಟ. ಘಟ್ಟದ ಆಚೆ ಜನರಲ್ ತಿಮ್ಮಯ್ಯನವರ ಕೊಡಗು. ಈಚೆಯ ಅರೆಭಾಷೆಯ ಮನೆಗಳಿಂದಲೂ ಹುಡುಗರು ಸೈನ್ಯ ಸೇರಿದ್ದಾರೆ.

ಪೇಟೆಯಿಂದ ತುಸು ಒಳಗೆ, ತೋಟದಂಚಿನ ಮನೆಯೊಂದರ ಜಗಲಿಯಲ್ಲಿ ಬೆಲ್ಲ-ನೀರು ಕೊಟ್ಟ ಅಜ್ಜಿ ಮಾತಿಗೆ ಸಿಕ್ಕರು. 1999ರಲ್ಲಿ ಅವರ ಮಗ ಕಾರ್ಗಿಲ್ ಕಡೆ ಇದ್ದರಂತೆ. ಅದೂ ಆಗ ಬರೇ ಅಂದಾಜು. ಪತ್ರದ ಮೇಲೆ ಊರ ಹೆಸರಿಲ್ಲ, ‘56 ಎ.ಪಿ.ಓ.’ ಎಂದಷ್ಟೇ. ಸೈನಿಕ ಎಲ್ಲಿದ್ದಾನೆಂದು ಶತ್ರುವಿಗೆ ತಿಳಿಯಬಾರದೆಂಬ ಏರ್ಪಾಡು, ತಾಯಿಗೂ ತಿಳಿಯುವುದಿಲ್ಲ.

ಮೇ ತಿಂಗಳಲ್ಲಿ ತೊಡಗಿದ ಆ ಯುದ್ಧ ಮುಗಿದದ್ದು ಜುಲೈ 26ಕ್ಕೆ. ನಮ್ಮ 500ಕ್ಕೂ ಹೆಚ್ಚು ಯೋಧರು ಹತರಾದರು. ದೇಶವೆಲ್ಲ ಟಿವಿಯ ಮುಂದೆ ಕುಳಿತಿತ್ತು. ಆದರೆ ಗುತ್ತಿಗಾರಿಗೆ ಅದು ಮಳೆಗಾಲ. ಒಂದು ಮರ ಬಿದ್ದರೆ ಕರೆಂಟಿಲ್ಲ, ಇನ್ನೊಂದು ಬಿದ್ದರೆ ಫೋನಿಲ್ಲ, ಹೊಳೆ ಏರಿದರೆ ಟಪಾಲೂ ಇಲ್ಲ. ಅಡಿಕೆಗೆ ಕೊಳೆರೋಗ ಬರುವುದೂ ಆಗಲೇ. ಮಳೆ ತುಸು ಬಿಟ್ಟಿತೋ, ಮೈಲುತುತ್ತು, ಸುಣ್ಣ ಕಲಸಿ ಮದ್ದು ಬಿಡಬೇಕು. ಮನೆಯವರಿಗೆ ಹೆದರಿಕೆಯೆಂದು ರೋಗ ಕಾಯುವುದಿಲ್ಲ.

“ಟಿವಿ ಇದ್ರೆ ನೋಡ್ಲಿಕ್ಕೆ ಹೆದರಿಕೆ, ಕರೆಂಟು ಹೋದ್ರೆ ನೋಡದೆ ಹೆದರಿಕೆ. ಇವರು ರೇಡಿಯೋಕ್ಕೆ ಸೆಲ್ಲು ತಂದಿಟ್ಟಿದ್ರು. ವಾರ್ತೆ ಮುಗಿಯುವವರೆಗೆ ನಾವು ಒಬ್ಬರ ಮುಖ ಒಬ್ಬರು ನೋಡ್ತಿರ್ಲಿಲ್ಲ.”

ಅಂಗಳದಲ್ಲಿ ಪೋಸ್ಟ್‌ಮ್ಯಾನ್‌ನ ಕೊಡೆ ಕಂಡರೆ ಅಜ್ಜಿಯ ಕಣ್ಣು ಮೊದಲು ಆತನ ಕೈಗೆ ಹೋಗುತ್ತಿತ್ತು: ನೀಲಿ ಇನ್‌ಲ್ಯಾಂಡೋ, ತಂತಿಯೋ? ಇನ್‌ಲ್ಯಾಂಡ್ ಆದರೂ ನೆಮ್ಮದಿ ಪೂರ್ತಿಯಲ್ಲ. ಬರೆದ ದಿನ ಮಗ ಕ್ಷೇಮವಾಗಿದ್ದ ಎಂದಷ್ಟೇ ಅದರ ಅರ್ಥ. ಅಲ್ಲಿಂದೀಚೆಗಿನ ದಿನಗಳನ್ನು ಬೆರಳಲ್ಲಿ ಎಣಿಸುವುದು.

ಈ ಕಾಯುವಿಕೆ ಈ ಸೀಮೆಗೆ ಹೊಸತಲ್ಲ. 1837ರಲ್ಲಿ ಅಮರ ಸುಳ್ಯದ ರೈತರು ಬ್ರಿಟಿಷರ ವಿರುದ್ಧ ಎದ್ದು ಮಂಗಳೂರಿನವರೆಗೆ ಹೋದರು. ಬಳಿಕ ನಾಯಕರಿಗೆ ನೇಣಾಯಿತು. ಕೆದಂಬಾಡಿ ರಾಮಯ್ಯ ಗೌಡ, ಗುಡ್ಡೆಮನೆ ಅಪ್ಪಯ್ಯ ಗೌಡರ ಹೆಸರು ಇಲ್ಲಿನ ಶಾಲೆಯ ಮಕ್ಕಳಿಗೂ ಗೊತ್ತು. ಆ ದಿನಗಳಲ್ಲಿ ದಣಪೆಯ ಬಳಿ ನಿಂತು ದಾರಿ ನೋಡಿದ ಹೆಂಗಸರ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ.

ಅಜ್ಜಿಯ ಮಗ ಮರಳಿದರು, ಈಗ ತೋಟ ನೋಡಿಕೊಂಡಿದ್ದಾರೆ. ಮೊಮ್ಮಗ ಅಗ್ನಿವೀರನಾಗಿ ಉತ್ತರದ ಗಡಿಯಲ್ಲಿದ್ದಾನೆ. “ಈಗ ಮೊಬೈಲು ಉಂಟಲ್ಲ, ಹೆದರಿಕೆ ಕಡಿಮೆಯಾಗಿರಬೇಕು” ಎಂದೆ.

“ಆಗ ಹದಿನೈದು ದಿನ ಕಾಯ್ತಿದ್ದೆವು. ಈಗ ಒಂದು ಗಂಟೆ ಫೋನು ತಾಗದಿದ್ರೆ ಆಗುವುದಿಲ್ಲ” ಎಂದರು ಅಜ್ಜಿ. 2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರದ ನಾಲ್ಕು ದಿನ, ಮಗ ರಾತ್ರಿಯಿಡೀ ಫೋನು ಹಿಡಿದು ಸಿಗ್ನಲ್ ಹುಡುಕುತ್ತ ಗುಡ್ಡೆಯ ಮೇಲಿದ್ದರಂತೆ.

ತೋಟದ ಕಡೆ ನೋಡಿ ದನಿ ತಗ್ಗಿಸಿದರು: “ಕಾರ್ಗಿಲಿನಿಂದ ಬಂದಾಗ, ನೀವು ಸುಮ್ಮನೆ ಹೆದರಿದ್ದು ಅಂತ ನಗ್ತಿದ್ದ. ಈಗ ಕೇಳುವುದೇ ಇಲ್ಲ. ಅವನಿಗೂ ಗೊತ್ತಾಗಿದೆ.”