ಕಪ್ತಾನ ನ್ಯೂಟನ್ನನ ಪಶ್ಚಾತ್ತಾಪ

ಪಾಪಿಯನ್ನು ದೇವರೇ ಕೈಹಿಡಿದು ಎತ್ತುವನೆಂಬುದು ಕ್ರೈಸ್ತ ಧರ್ಮದ ಮೂಲ ವಿಶ್ವಾಸಗಳಲ್ಲೊಂದು. ಅದಕ್ಕೆ ನಿದರ್ಶನವಾಗಿ ಇಂಗ್ಲೆಂಡಿನ ಜಾನ್ ನ್ಯೂಟನ್ನನ ಕಥೆಯನ್ನು ಆ ಧರ್ಮದವರು ಆದರದಿಂದ ಹೇಳುವುದುಂಟು. ಬಿರುಗಾಳಿಗೆ ಸಿಕ್ಕ ನಾವಿಕನು ದೇವರಿಗೆ ಮೊರೆಯಿಟ್ಟನು, ಗುಲಾಮರ ವ್ಯಾಪಾರವನ್ನು ತೊರೆದನು, ಪಾದ್ರಿಯಾಗಿ 'ಅಮೇಜಿಂಗ್ ಗ್ರೇಸ್' ಎಂಬ ಕೀರ್ತನೆಯನ್ನು ರಚಿಸಿದನು. ಕೇಳಲು ಹಿತವಾದ ಕಥೆ. ಆದರೆ ಇಸವಿಗಳನ್ನು ಸಾಲಾಗಿಟ್ಟು ನೋಡಿದರೆ ಲೆಕ್ಕ ಹೊಂದುವುದಿಲ್ಲ.

1725ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ನ್ಯೂಟನ್ನನು ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡು, ಹನ್ನೊಂದನೆಯ ವಯಸ್ಸಿಗೆ ತಂದೆಯೊಡನೆ ಹಡಗು ಹತ್ತಿದನು. ತಾರುಣ್ಯದಲ್ಲಿ ಮಹಾ ದೈವನಿಂದಕ. 1748ರ ಮಾರ್ಚ್ ತಿಂಗಳಲ್ಲಿ, ಅಟ್ಲಾಂಟಿಕ್ ಸಾಗರದ ನಡುವೆ 'ಗ್ರೇಹೌಂಡ್' ಹಡಗಿನೊಳಕ್ಕೆ ನೀರು ನುಗ್ಗುತ್ತಿರಲು, ಆತನ ಬಾಯಿಂದ ದೇವರ ಕರುಣೆಯನ್ನು ಬೇಡುವ ಮಾತು ಹೊರಟಿತು. ಮುಂದೆ ಪ್ರತಿವರ್ಷವೂ ಆ ದಿನವನ್ನು ವ್ರತದಂತೆ ಆಚರಿಸಿದನು.

ಗುಲಾಮರ ಹಡಗಿನ ಕಪ್ತಾನನಾದದ್ದು ಇದರ ನಂತರ! 1750ರಿಂದ 1754ರವರೆಗೆ ಮೂರು ಯಾತ್ರೆಗಳು. ಭಾನುವಾರ ನಾವಿಕರನ್ನು ಕೂಡಿಸಿ ಪ್ರಾರ್ಥನೆ. ಕೆಳಗಿನ ಅಂತಸ್ತಿನಲ್ಲಿ ಸಂಕೋಲೆ ತೊಟ್ಟ ಆಫ್ರಿಕದ ಜನ. ದಂಗೆಯ ಸಂಶಯ ಬಂದಾಗ ಬಂಧಿತರ ಹೆಬ್ಬೆರಳುಗಳನ್ನು ತಿರುಪಿನ ಸಾಧನದಿಂದ ಹಿಸುಕಿಸಿದುದನ್ನು ಆತನೇ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಸತ್ತವರಿಗೆ ಅಲ್ಲಿ ಹೆಸರಿಲ್ಲ, ಸಂಖ್ಯೆಯಷ್ಟೇ ಇದೆ. ಕಡೆಗೆ ಆ ವೃತ್ತಿಯನ್ನು ಬಿಡಿಸಿದ್ದು ಹಠಾತ್ತನೆ ಬಂದ ಮೂರ್ಛೆರೋಗವೇ ಹೊರತು ಅಂತಃಕರಣವಲ್ಲ. ಕೆಲಸದ ಬಗ್ಗೆ ಬೇಸರವಿತ್ತು, ಅದು ಅಧರ್ಮವೆಂಬ ಅಳುಕು ಮಾತ್ರ ಇರಲಿಲ್ಲವೆಂದು ಆತನೇ ಒಪ್ಪಿಕೊಂಡಿದ್ದಾನೆ. ವ್ಯಾಪಾರ ಬಲ್ಲವರಿಗೆ ಇದು ಅರ್ಥವಾಗದ ಮಾತಲ್ಲ. ಕಾನೂನು ಒಪ್ಪಿದ, ಗೌರವಸ್ಥರು ಬಂಡವಾಳ ಹೂಡಿದ ವ್ಯವಹಾರದಲ್ಲಿ ಪಾಪವು ಸುಲಭವಾಗಿ ಕಣ್ಣಿಗೆ ಬೀಳದು. ಬೈಗುಳದ ಚಟ ಬೇಗ ಬಿಟ್ಟೀತು. ವರಮಾನ ತರುವ ದೋಷ ಅಷ್ಟು ಬೇಗ ಬಿಡದು.

1764ರಲ್ಲಿ ಪಾದ್ರಿದೀಕ್ಷೆಯಾಯಿತು. ಓಲ್ನಿ ಎಂಬ ಊರಿನಲ್ಲಿ ಸೇವೆ, 1773ರ ಹೊಸವರ್ಷಕ್ಕೆ ಆ ಕೀರ್ತನೆ. ಗುಲಾಮರ ವಿಷಯದಲ್ಲಿ ಮಾತ್ರ ಬಹಿರಂಗವಾಗಿ ಒಂದು ಮಾತೂ ಇಲ್ಲ. 1785ರಲ್ಲಿ ತರುಣ ಸಂಸದ ವಿಲ್ಬರ್‌ಫೋರ್ಸನು, ರಾಜಕೀಯವನ್ನು ಬಿಟ್ಟು ಧರ್ಮಕ್ಕೆ ಶರಣಾಗಲೇ ಎಂದು ಕೇಳಲು ಗುಟ್ಟಾಗಿ ಬಂದಾಗ, ಇದ್ದಲ್ಲಿಯೇ ಇದ್ದು ದೇವರ ಕೆಲಸ ಮಾಡೆಂದು ಹೇಳಿ ಕಳುಹಿಸಿದನು.

ತನ್ನ ಮೌನವನ್ನು ಮುರಿದದ್ದು 1788ರಲ್ಲಿ. ಗುಲಾಮರ ವ್ಯಾಪಾರವನ್ನು ಕುರಿತ ಕಿರುಹೊತ್ತಿಗೆಯಲ್ಲಿ, ಸುಮಾರು ಐದು ಅಡಿ ಎತ್ತರದ ಅಂತಸ್ತಿಗೆ ನಡುವೆ ಹಲಗೆ ಹಾಸಿ ಮನುಷ್ಯರನ್ನು ಎರಡು ಸಾಲಾಗಿ ಒತ್ತಿ ಮಲಗಿಸುವ ಬಗೆಯನ್ನು ಬಣ್ಣಿಸಿದನು. ಒಮ್ಮೆ ತಾನೇ ನಡೆಸಿದ್ದ ಕೆಲಸವನ್ನು ನೆನೆದು ಎದೆ ನಡುಗುತ್ತದೆಂದನು. ಈ ನಿವೇದನೆ ತೀರ ತಡವಾಯಿತೆಂಬುದನ್ನೂ ಮರೆಮಾಚಲಿಲ್ಲ. ಪ್ರಿವಿ ಕೌನ್ಸಿಲಿನ ಮುಂದೆ ನಿಂತು ಸಾಕ್ಷಿಯನ್ನೂ ನುಡಿದನು. ಬಿರುಗಾಳಿಯ ರಾತ್ರಿಗೂ ಈ ಸಾಕ್ಷಿಗೂ ನಡುವೆ 40 ವರ್ಷ. ಇದು ದೈವಕೃಪೆಯ ಫಲವೆನ್ನುವ ಭಕ್ತರು ಆ ಕೃಪೆಯ ಮಂದಗತಿಯನ್ನೂ ಹೇಳಬೇಕು. ಬಿರುಗಾಳಿಯ ನಂತರವೂ ಬಹುಕಾಲ ತಾನು ಪೂರ್ಣ ವಿಶ್ವಾಸಿಯಾಗಿರಲಿಲ್ಲವೆಂದು ಬರೆದ ನ್ಯೂಟನ್ನನು ಅವರಿಗಿಂತ ಪ್ರಾಮಾಣಿಕ.

ಗುಲಾಮರ ವ್ಯಾಪಾರವನ್ನು ನಿಷೇಧಿಸುವ ಕಾಯಿದೆಯು ಬ್ರಿಟಿಷ್ ಸಂಸತ್ತಿನಲ್ಲಿ 1807ರ ಮಾರ್ಚ್‌ನಲ್ಲಿ ಅಂಗೀಕಾರವಾಯಿತು. ಕಣ್ಣು ಮಂಜಾಗಿದ್ದ ಮುದುಕ ನ್ಯೂಟನ್ನನು ಆ ಸುದ್ದಿ ಬರುವವರೆಗೆ ಬದುಕಿದ್ದು, ಅದೇ ವರ್ಷದ ಡಿಸೆಂಬರ್ 21ರಂದು ತೀರಿಕೊಂಡನು.