ಮಾವ ಕೊಡದ ಬೆಲ್ಟು (ಕ್ಯಾಮೆರಾ ಡೈರಿ, ಭಾಗ 6)

ಹೋದ ವಾರ ಲೆನ್ಸ್ ಒರೆಸೋದರ ಬಗ್ಗೆ ಬರೆದೆ. ಕಾಮೆಂಟಲ್ಲಿ ಅರ್ಧ ಜನ ಲೆನ್ಸ್ ವಿಷಯ ಬಿಟ್ಟು ಬೇರೇನೇ ಕೇಳಿದ್ರಿ. "ಮೊದಲನೇ ಫೋಟೋದಲ್ಲಿ ನಿನ್ನ ಹೆಗಲ ಮೇಲಿರೋ ಆ ಕಪ್ಪು ಸ್ಟ್ರಾಪ್ ಯಾವ ಕಂಪನಿದು? ಎಷ್ಟು ಕೊಟ್ಟೆ?" ಅಂತ.

ಕಂಪನಿ ಗಿಂಪನಿ ಏನೂ ಇಲ್ಲ ಕಣ್ರೋ. ಅದು ಯಾವುದೋ ಹಳೇ ಕಾರಿನ ಸೀಟ್ ಬೆಲ್ಟು.

ಕ್ಯಾಮೆರಾ ನನ್ನ ಸೋದರಮಾವಂದು ಅಂತ ಮೊದಲನೇ ಭಾಗದಲ್ಲೇ ಹೇಳಿದ್ದೆ. ಹುಣಸೂರಲ್ಲಿ 22 ವರ್ಷ ಮದುವೆ ಫೋಟೋ ತೆಗೆದವರು. ಬೆಳಗಿನ ಜಾವದ ಮುಹೂರ್ತದಿಂದ ರಾತ್ರಿ ಆರತಕ್ಷತೆ ಮುಗಿಯೋವರೆಗೂ ಕುತ್ತಿಗೆಗೆ ಎರಡು ಕ್ಯಾಮೆರಾ. ಆಮೇಲೆ ಒಂದು ದಿನ ಬಲಗೈ ಬೆರಳು ಜೋಮು ಹಿಡಿಯೋಕೆ ಶುರುವಾಯ್ತು. ಶಟರ್ ಒತ್ತಿದ್ರೆ ಒತ್ತಿದೀನೋ ಇಲ್ವೋ ಗೊತ್ತಾಗ್ತಿರಲಿಲ್ಲವಂತೆ. ಕತ್ತಿನ ಮೂಳೆ ಸವೆದಿದೆ, ಇನ್ನು ಕುತ್ತಿಗೆಗೆ ಭಾರ ಹಾಕಬೇಡಿ ಅಂದ್ರು ಡಾಕ್ಟರು. ಸ್ಟುಡಿಯೋ ಬಾಗಿಲು ಹಾಕಿದ್ರು, ನಿಕಾನ್ ಡಿ7200 ನನ್ನ ಕೈಗೆ ಬಂತು.

ಆದ್ರೆ ಕೊಡೋ ಮುಂಚೆ ಕೂತ್ಕೊಂಡು ಅದರ ಬೆಲ್ಟು ಬಿಚ್ಚಿಟ್ಕೊಂಡ್ರು. ಬೆವರು ಕುಡಿದು ಕುಡಿದು ಹಲಗೆ ಥರ ಗಟ್ಟಿಯಾಗಿದ್ದ ಬೆಲ್ಟು. "ಅದೂ ಇರಲಿ ಮಾವ" ಅಂದೆ. "ಬೇಡ ಪುಟ್ಟಿ, ನನ್ನ ಕತ್ತು ತಿಂದಿದ್ದು ಇದೇ. ಇದನ್ನ ಮಾತ್ರ ನಿಂಗೆ ಕೊಡಲ್ಲ" ಅಂದ್ರು.

ಲೆಕ್ಕ ನೋಡಿ. ಬ್ಯಾಟರಿ, ಕಾರ್ಡ್ ಸೇರಿ ಬಾಡಿ 765 ಗ್ರಾಂ. ಮಾವನ 70-200 ಲೆನ್ಸ್ ಒಂದೂವರೆ ಕೆಜಿ. ಒಟ್ಟು ಎರಡು ಕಾಲು ಕೆಜಿ ಮೇಲೆ, ಅದೂ ಒಂದು ಕ್ಯಾಮೆರಾಕ್ಕೆ. ಕ್ಯಾಮೆರಾ ಜೊತೆ ಬರೋ ಸ್ಟ್ರಾಪ್ ಒಂದೂವರೆ ಇಂಚು ಅಗಲ. ಅಷ್ಟೂ ಭಾರ ಆ ಒಂದೂವರೆ ಇಂಚಲ್ಲಿ ಕತ್ತಿನ ಹಿಂದೆ ಕೂರತ್ತೆ. ಅದನ್ನೇ ಒಂದು ಹೆಗಲಿಂದ ಎದುರು ಸೊಂಟಕ್ಕೆ ಅಡ್ಡ ಹಾಕ್ಕೊಂಡ್ರೆ ಭಾರ ಹೆಗಲು ಬೆನ್ನಿಗೆ ಹಂಚಿಕೊಳ್ಳತ್ತೆ. ಸ್ಕೂಲ್ ಬ್ಯಾಗ್ ಕತ್ತಿಗೆ ನೇತು ಹಾಕ್ಕೊಂಡು ಯಾರೂ ಹೋಗಲ್ಲ, ಕ್ಯಾಮೆರಾ ಮಾತ್ರ ಎಲ್ರೂ ಹಾಗೇ ಹಾಕ್ತೀವಿ.

ಇದೆಲ್ಲ ಆಗ ನಂಗೆ ಗೊತ್ತಿರಲಿಲ್ಲ. ಆನ್‌ಲೈನಲ್ಲಿ ಸಿಕ್ಕ ಅಗ್ಗದ ಸ್ಲಿಂಗ್ ತರಿಸಿದೆ. ಟ್ರೈಪಾಡ್ ಕೂರಿಸೋಕೆ ಕ್ಯಾಮೆರಾ ತಳದಲ್ಲಿ ಕಾಲಿಂಚಿನ ತೂತು ಇರತ್ತಲ್ಲ, ಅದಕ್ಕೆ ತಿರುಪು ಹಾಕಿ ನೇತು ಹಾಕೋದು. ಸೊಂಟದ ಹತ್ರ ತಲೆಕೆಳಗಾಗಿ ತೂಗ್ತಿರತ್ತೆ, ಬೇಕಾದಾಗ ಸರ್ ಅಂತ ಕಣ್ಣಿಗೆ ಬರತ್ತೆ. ಭಾರೀ ಸ್ಟೈಲು ಗುರು.

ಅದನ್ನ ಹಾಕ್ಕೊಂಡೇ ಜಂಬೂಸವಾರಿಗೆ ಹೋದೆ. ಸ್ಕೂಟರ್ ಹಿಂದೆ ಕೂತು ಇಲವಾಲದಿಂದ ಬಂದೆ, ಆಮೇಲೆ ಸಯ್ಯಾಜಿರಾವ್ ರಸ್ತೆಯಲ್ಲಿ ನಾಲ್ಕು ಗಂಟೆ ನೂಕುನುಗ್ಗಲು. ನಡೆಯುವಾಗ ಕ್ಯಾಮೆರಾ ತೂಗಾಡತ್ತೆ, ತೂಗಾಡ್ತಾ ಸ್ವಲ್ಪ ಸ್ವಲ್ಪನೇ ತಿರುಗತ್ತೆ. ತಿರುಗಿದ ಹಾಗೆಲ್ಲ ತಿರುಪು ಸಡಿಲ. ಅಂಬಾರಿ ಹತ್ರ ಬರ್ತಿದೆ, ಜನ ಎಲ್ಲ ಕೈ ಮೇಲೆತ್ತಿದಾರೆ, ನಾನು ಸೊಂಟಕ್ಕೆ ಕೈ ಹಾಕ್ತೀನಿ, ಸ್ಟ್ರಾಪ್ ಇದೆ, ಕ್ಯಾಮೆರಾ ಇಲ್ಲ.

ನನ್ನ ಕಾಲಿಗೇ ಬಿದ್ದು ರಸ್ತೆಗೆ ಉರುಳಿತ್ತು. ಕಾಲಿಗೆ ಬಿದ್ದಿದ್ರಿಂದಲೇ ಉಳೀತು. ಲೆನ್ಸ್ ಮುಂದಿನ ಫಿಲ್ಟರ್ ಚೂರು, ರಿಂಗ್ ಒಳಕ್ಕೆ ಬಾಗಿತ್ತು. ಹೆಬ್ಬೆರಳು ಊದ್ಕೊಂಡಿದ್ದು ಮನೆಗೆ ಹೋದ್ಮೇಲೆ ಗೊತ್ತಾಯ್ತು. ಆ ವರ್ಷದ ಅಂಬಾರಿ ಫೋಟೋ ನನ್ನ ಹತ್ರ ಒಂದೂ ಇಲ್ಲ.

ಮಾವನಿಗೆ ಮೂರು ವಾರ ಹೇಳಲಿಲ್ಲ. ಫೋನ್ ಬಂದ್ರೆ ಅಮ್ಮನ ಕೈಗೆ ಕೊಡ್ತಿದ್ದೆ. ಕೊನೆಗೆ ದೀಪಾವಳಿಗೆ ಬಂದವರು ಕ್ಯಾಮೆರಾ ಕೈಗೆ ತಗೊಂಡು ಬೆರಳಲ್ಲಿ ಆ ರಿಂಗ್ ಸುತ್ತ ಸವರಿದ್ರು. ಬೈಲಿಲ್ಲ. "ತಿರುಪು ಮುಟ್ಟಿ ಮುಟ್ಟಿ ನೋಡ್ತಿದ್ದೇನು?" ಅಂದ್ರು. ಇಲ್ಲ ಅಂದೆ. "ನಡಿ" ಅಂದ್ರು.

ಗುಜರಿ ಅಂಗಡಿಯಲ್ಲಿ ಮೂರು ಮೀಟರ್ ಸೀಟ್ ಬೆಲ್ಟು ಸಿಕ್ತು. ಎರಡಿಂಚಿಗೆ ಸ್ವಲ್ಪ ಕಮ್ಮಿ ಅಗಲ, ಎಳೆದ್ರೆ ಹಿಗ್ಗಲ್ಲ, ಬಟ್ಟೆ ಮೇಲೆ ನುಣ್ಣಗೆ ಜಾರತ್ತೆ. (ಸ್ಪಂಜ್ ಥರ ಹಿಗ್ಗೋ ಸ್ಟ್ರಾಪ್ ಹೆಗಲಿಗೆ ಮೆತ್ತಗೆ, ಆದ್ರೆ ನಡೆದ್ರೆ ಕ್ಯಾಮೆರಾ ಕುಣಿಯತ್ತೆ.) ಇಷ್ಟು ಅಗಲದ್ದು ಕ್ಯಾಮೆರಾ ಕಿವಿಯೊಳಗೆ ತೂರಲ್ಲ. ಅದಕ್ಕೆ ಮಾವ ತಮ್ಮ ಆ ಹಳೇ ಬೆಲ್ಟಿನ ಎರಡೂ ತುದಿಯ ಸಣ್ಣ ಪಟ್ಟಿ ಕತ್ತರಿಸಿ ತಂದ್ರು. ಚಪ್ಪಲಿ ಹೊಲಿಯೋ ಅಜ್ಜ ಮೇಣದ ದಾರದಲ್ಲಿ ಚೌಕ ಹಾಕಿ ಅದರೊಳಗೆ ಗುಣಾಕಾರ ಚಿಹ್ನೆ ಥರ ಹೊಲಿದುಕೊಟ್ರು. ಎರಡನೇ ಫೋಟೋದಲ್ಲಿ ಕಾಣತ್ತೆ, ಸ್ವೈಪ್ ಮಾಡಿ.

ಈಗ ಎಲ್ಲೆಲ್ಲಿ ಹೆಂಗೆ ಅಂತ ಕೇಳ್ತೀರಿ. ಜಾತ್ರೆ, ಮೆರವಣಿಗೆ ಅಂದ್ರೆ ಅಡ್ಡ ಹಾಕಿ ಗಿಡ್ಡ ಮಾಡ್ತೀನಿ, ಕ್ಯಾಮೆರಾ ಸೊಂಟಕ್ಕಲ್ಲ, ಎದೆಗೆ ಅಂಟಿರಬೇಕು. ಉದ್ದ ಬಿಟ್ರೆ ಯಾರದೋ ಮೊಣಕೈ ತಾಗತ್ತೆ. ಸಂಜೆ ಬೆಳಕು ಕಮ್ಮಿ ಆದಾಗ ಅದೇ ಗಿಡ್ಡ ಸ್ಟ್ರಾಪ್ ಬಿಗಿಯಾಗೋ ತನಕ ಕ್ಯಾಮೆರಾನ ಮುಂದಕ್ಕೆ ತಳ್ಳಿ ಹಿಡೀರಿ, ಕೈ ನಡುಕ ನಿಲ್ಲತ್ತೆ. ನಂಬಿಕೆ ಇಲ್ಲದಿದ್ರೆ ಇವತ್ತೇ ಟ್ರೈ ಮಾಡಿ.

ರಂಗನತಿಟ್ಟಿನ ದೋಣಿಯಲ್ಲಿ ದೊಡ್ಡ ಲೆನ್ಸ್ ಇದ್ರೆ ಸ್ಟ್ರಾಪನ್ನ ಬಾಡಿಗಲ್ಲ, ಲೆನ್ಸ್ ಕೆಳಗಿನ ಕಾಲಿಗೆ ಹಾಕಬೇಕು. ಬಾಡಿಯಿಂದ ನೇತು ಹಾಕಿದ್ರೆ ಒಂದೂವರೆ ಕೆಜಿ ಎಳೆತ ಪೂರ್ತಿ ಮೌಂಟ್ ಮೇಲೆ ಬೀಳತ್ತೆ. ಹಕ್ಕಿ ಹಾರಿದ ತಕ್ಷಣ ದೋಣಿಯಲ್ಲಿರೋರೆಲ್ಲ ಒಂದೇ ಕಡೆ ವಾಲ್ತಾರೆ, ಅಲ್ಲಿ ಸ್ಟ್ರಾಪ್ ತೆಗೆದು ಕೂರೋ ಧೈರ್ಯ ಬೇಡ. ಕೆಳಗೆ ಮೊಸಳೆ ಇದೆ, ಅದು ತಂದುಕೊಡಲ್ಲ.

ಚಾಮುಂಡಿ ಬೆಟ್ಟದಿಂದ ರಾತ್ರಿ ಊರಿನ ದೀಪ ತೆಗೆಯೋವಾಗ ಮಾತ್ರ ಉಲ್ಟಾ. ಟ್ರೈಪಾಡ್ ಮೇಲೆ ಕೂರಿಸಿದ್ಮೇಲೆ ಸ್ಟ್ರಾಪ್ ಬಿಚ್ಚಿ, ಇಲ್ಲಾ ಟ್ರೈಪಾಡ್ ಕಾಲಿಗೆ ಸುತ್ತಿ ಕಟ್ಟಿ. ಗಾಳಿಗೆ ಅದು ಬಾವುಟದ ಥರ ಹೊಡ್ಕೊಂಡ್ರೆ 20 ಸೆಕೆಂಡ್ ಎಕ್ಸ್‌ಪೋಶರ್ ಮಸುಕು ಮಸುಕು. ಕ್ಯಾಂಟೀನ್ ಟೇಬಲ್ ಮೇಲೂ ಅಷ್ಟೇ, ಸ್ಟ್ರಾಪ್ ಕೆಳಗೆ ಜೋತಾಡ್ತಾ ಬಿಡಬೇಡಿ. ನಮ್ಮ ಕ್ಲಾಸಲ್ಲಿ ಒಬ್ಬನ ಕುರ್ಚಿಗೆ ಅದು ಸಿಕ್ಕಿಹಾಕ್ಕೊಂಡು ಏನಾಯ್ತು ಅಂತ ಎಲ್ರಿಗೂ ಗೊತ್ತು, ಹೆಸರು ಹೇಳಲ್ಲ. ಸ್ಕೂಟರ್ ಮೇಲಂತೂ ಬ್ಯಾಗೊಳಗೆ, ಚರ್ಚೆನೇ ಇಲ್ಲ.

ತಳಕ್ಕೆ ತಿರುಪು ಹಾಕೋ ಸ್ಲಿಂಗೇ ಬೇಕು ಅನ್ನೋರು ತಗೊಳ್ಳಿ, ಅದೇನು ಪಾಪ ಅಲ್ಲ. ಆದ್ರೆ ಕ್ಯಾಮೆರಾ ಕಿವಿಯಿಂದ ಸ್ಟ್ರಾಪಿಗೆ ಇನ್ನೊಂದು ಸಣ್ಣ ಗಟ್ಟಿ ದಾರ ಇರಲಿ, ತಿರುಪು ಕೈಕೊಟ್ರೆ ಹಿಡ್ಕೊಳ್ಳೋಕೆ. ಅರ್ಧ ಗಂಟೆಗೊಮ್ಮೆ ತಿರುಪು ಮುಟ್ಟಿ ನೋಡಿ. ನಾನು ಈಗ ತಿರುಪೇ ಇಲ್ಲದ ಸ್ಟ್ರಾಪನ್ನೂ ಮುಟ್ಟಿ ನೋಡ್ತೀನಿ, ಅಭ್ಯಾಸ ಆಗೋಗಿದೆ.

ಕೊನೇ ಫೋಟೋ ನಾನು ತೆಗೆದಿದ್ದಲ್ಲ. ಮೊನ್ನೆ ಚಿಕ್ಕಮ್ಮನ ಮಗಳ ಮದುವೆ, ಧಾರೆ ಹೊತ್ತು. ಮಾವ ಮೆಲ್ಲಗೆ ಬಂದು "ಒಂದೈದು ನಿಮಿಷ ಕೊಡು" ಅಂದ್ರು. ಅತ್ತೆ ದೂರದಿಂದ ಕಣ್ಣು ಬಿಡ್ತಿದ್ರು. ಸಣ್ಣ ಲೆನ್ಸ್ ಹಾಕಿ, ಸೀಟ್ ಬೆಲ್ಟು ಅವರ ಎಡ ಹೆಗಲಿಗೆ ಅಡ್ಡ ಹಾಕಿ, ಉದ್ದ ಸರಿ ಮಾಡಿದೆ. ಮೂರು ವರ್ಷ ಆದ್ಮೇಲೆ ಮೊದಲ ಸಲ. ಹತ್ತು ನಿಮಿಷಕ್ಕೆ ಹನ್ನೊಂದು ಫೋಟೋ. ಆಮೇಲೆ ಬೆರಳು ಒಂದ್ಸಲ ಮಡಚಿ ಬಿಚ್ಚಿ ನೋಡಿ, ತಾವೇ ಬೆಲ್ಟು ತೆಗೆದು ನನ್ನ ಹೆಗಲಿಗೆ ಹಾಕಿ ಊಟಕ್ಕೆ ಹೋದ್ರು.