ನಿವೃತ್ತಿ ಇಲ್ಲದವರಿಗೂ ಒಂದು ಪಾಠ

ಗದಗಿನ ತೋಂಟದಾರ್ಯ ಮಠದ ಸೋಮವಾರದ ಶಿವಾನುಭವ ನಮ್ಮ ಭಾಗದವರಿಗೆ ಹೊಸ ಸಂಗತಿಯೇನಲ್ಲ. ದಶಕಗಳಿಂದ ನಡೆದು ಬಂದಿರುವ ಈ ಉಪನ್ಯಾಸಗಳ ಸಂಖ್ಯೆ ಎರಡು ಸಾವಿರ ದಾಟಿದೆ. ಟಿಕೆಟ್ ಇಲ್ಲ, ಹೆಸರು ಬರೆಸಬೇಕಾಗಿಲ್ಲ, ನೀವು ಯಾವ ಪೈಕಿ ಎಂದು ಕೇಳುವವರಿಲ್ಲ. 2001ರಲ್ಲಿ ರಾಷ್ಟ್ರೀಯ ಕೋಮುಸೌಹಾರ್ದ ಪ್ರಶಸ್ತಿ ಪಡೆದ ಡಾ. ಸಿದ್ಧಲಿಂಗ ಸ್ವಾಮೀಜಿ ಅದನ್ನು ಬೆಳೆಸಿದರು. 2018ರ ಅಕ್ಟೋಬರ್‌ನಲ್ಲಿ ಅವರು ಲಿಂಗೈಕ್ಯರಾದ ಮೇಲೂ ಆ ಪರಂಪರೆ ನಿಂತಿಲ್ಲ. ಮೊದಲು ಉರ್ದು, ಆಮೇಲೆ ಕನ್ನಡ ಕಲಿತ ನಾವು ಅಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಎಷ್ಟೋ ಸಂಗತಿಗಳನ್ನು ಕಿವಿಗೆ ಹಾಕಿಕೊಂಡಿದ್ದೇವೆ. ಮುಂದಿನ ಸಾಲುಗಳಲ್ಲಿ ನಾವು ಕಂಡವರು ಹೆಚ್ಚಾಗಿ ನಿವೃತ್ತ ಶಿಕ್ಷಕರು, ಬ್ಯಾಂಕಿನಿಂದ, ಕಚೇರಿಯಿಂದ ಬಿಡುಗಡೆಯಾದವರು.

ನಿವೃತ್ತರಿಗೆ ಇಂಥದೊಂದು ಜಾಗ ಬೇಕೆಂಬುದನ್ನು ಲೋಕ ಹಲವು ಕಡೆ ಕಂಡುಕೊಂಡಿದೆ. ಫ್ರಾನ್ಸಿನ ತುಲೂಸ್ ನಗರದಲ್ಲಿ 1973ರಲ್ಲಿ ವಯೋವೃದ್ಧರಿಗಾಗಿಯೇ ‘ಮೂರನೆಯ ವಯಸ್ಸಿನ ವಿಶ್ವವಿದ್ಯಾಲಯ’ ಹುಟ್ಟಿತು. 1980ರ ದಶಕದಲ್ಲಿ ಅದು ಬ್ರಿಟನ್ನಿಗೆ ಬಂದಾಗ ಸ್ವರೂಪ ಬದಲಾಯಿತು. ಪರೀಕ್ಷೆ ಇಲ್ಲ, ಪದವಿ ಇಲ್ಲ. ಬಲ್ಲವರು ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಇಂದು ಹೇಳಿದವರು ನಾಳೆ ಕೇಳುವವರಾಗುತ್ತಾರೆ. ನಮ್ಮಲ್ಲಿ ಆ ಹೆಸರು ಇಲ್ಲದಿದ್ದರೂ ಕೆಲಸ ಇತ್ತು. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ 1890ರಷ್ಟು ಹಳೆಯದು. ಬೆಂಗಳೂರಿನಲ್ಲಿ ಡಿ.ವಿ. ಗುಂಡಪ್ಪನವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಎಚ್. ನರಸಿಂಹಯ್ಯನವರು 1962ರಲ್ಲಿ ಆರಂಭಿಸಿದ ಬೆಂಗಳೂರು ವಿಜ್ಞಾನ ವೇದಿಕೆಯ ಬುಧವಾರದ ಉಪನ್ಯಾಸಗಳನ್ನು ಕೇಳಲು ವಿಜ್ಞಾನ ಓದದವರೂ ಬರುತ್ತಿದ್ದರು.

ಇವೆಲ್ಲ ಪಟ್ಟಣದ ಮಾತಾಯಿತು. ನಮ್ಮ ಮಾಗಡಿ ಗದಗಿನಿಂದ 26 ಕಿಲೋಮೀಟರ್ ದೂರ, ಶಿರಹಟ್ಟಿ ತಾಲೂಕಿನ ಹಳ್ಳಿ. ಸಂಜೆಯ ಉಪನ್ಯಾಸ ಕೇಳಿ ರಾತ್ರಿ ಊರಿಗೆ ಮರಳುವುದು ವಯಸ್ಸಾದವರ ಪಾಲಿಗೆ ಸಣ್ಣ ಕೆಲಸವಲ್ಲ. ಅದಕ್ಕಿಂತ ದೊಡ್ಡ ತೊಡಕು ‘ನಿವೃತ್ತಿ’ ಎಂಬ ಪದದಲ್ಲೇ ಇದೆ. ಸರಕಾರಿ ನೌಕರ ಅರವತ್ತಕ್ಕೆ ಹಾರ ಹಾಕಿಸಿಕೊಂಡು ಮನೆಗೆ ಬರುತ್ತಾನೆ. ಬೆಟಗೇರಿಯಲ್ಲಿ ಮೂವತ್ತು ವರ್ಷ ಮಗ್ಗದ ಮುಂದೆ ಕುಳಿತ ನಮ್ಮ ಮಾಮುಗೆ ಯಾರೂ ಹಾರ ಹಾಕಲಿಲ್ಲ. ಕಣ್ಣು ಮಂದವಾದ ದಿನ ಅವರು ಕೆಲಸ ಬಿಟ್ಟರು, ಅಷ್ಟೇ. ಇನ್ನು ನಮ್ಮ ಅಮ್ಮ! ಮೆಣಸಿನಕಾಯಿ ಬಿಡಿಸುವುದು, ಶೇಂಗಾ ಸುಲಿಯುವುದು, ಮಳೆಗಾಲದಲ್ಲಿ ಕೌದಿ ಹೊಲಿಯುವುದು. ಎಪ್ಪತ್ತೈದು ತುಂಬಿದರೂ ಅವರ ಕೆಲಸಕ್ಕೆ ಕೊನೆಯ ದಿನಾಂಕವಿಲ್ಲ. ಕೆಲಸವೇ ಮುಗಿಯದವರಿಗೆ ನಿವೃತ್ತಿಯ ನಂತರದ ಕಲಿಕೆ ಎಂದರೆ ಏನು ಅರ್ಥ?

ಅಮ್ಮನಿಗೆ ಅಕ್ಷರ ಬಾರದು. ರಾಷ್ಟ್ರೀಯ ಸಾಕ್ಷರತಾ ಮಿಷನ್ 1988ರಲ್ಲಿ ಆರಂಭವಾದಾಗ 15ರಿಂದ 35 ವಯಸ್ಸಿನವರನ್ನು ಗುರಿಯಾಗಿ ಇಟ್ಟುಕೊಂಡಿತ್ತು. ಅಮ್ಮ ಆಗಲೇ ಆ ಗೆರೆಯನ್ನು ದಾಟಿದ್ದರು. ದೇಶ ದೊಡ್ಡದು, ಹಣ ಕಡಿಮೆ. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕಾಗುತ್ತದೆ, ದೂರುವಂಥದ್ದೇನಿಲ್ಲ. ಆದರೆ ಗೆರೆಯ ಆಚೆ ಉಳಿದವರು ಅಲ್ಲಿಗೇ ಬದುಕು ನಿಲ್ಲಿಸಲಿಲ್ಲ. 2022ರ ಹೊಸ ಸಾಕ್ಷರತಾ ಕಾರ್ಯಕ್ರಮದಲ್ಲಿ 15 ದಾಟಿದ ಎಲ್ಲರಿಗೂ ಜಾಗವಿದೆ, ಮೇಲಿನ ಗೆರೆಯಿಲ್ಲ. ಅಷ್ಟರಲ್ಲಿ ಅಮ್ಮನ ಕಣ್ಣಿಗೆ ಪೊರೆ ಬಂದಿತ್ತು. ಕಣ್ಣಿಗಿಂತ ಕಿವಿ ಚುರುಕಾಗಿರುವ ಈ ವಯಸ್ಸಿಗೆ ಪುಸ್ತಕಕ್ಕಿಂತ ಉಪನ್ಯಾಸ ಹತ್ತಿರದ್ದಲ್ಲವೇ?

2023ರ ಜೂನ್‌ನಿಂದ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ಆ ಧೈರ್ಯದ ಮೇಲೆ ಒಮ್ಮೆ ಅಮ್ಮನನ್ನು ಪಟ್ಟಣದ ಒಂದು ಸಭೆಗೆ ಕರೆದೊಯ್ದೆವು. ವಿಷಯ, ವಲಸೆ ಹಕ್ಕಿಗಳು. ಮಂಗೋಲಿಯ, ಟಿಬೆಟ್, ಲಡಾಖ್‌ಗಳಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಮಾಗಡಿ ಕೆರೆಯಲ್ಲಿ ಚಳಿಗಾಲ ಕಳೆಯುವುದನ್ನು ಭಾಷಣಕಾರರು ವಿವರಿಸಿದರು. ಆ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ್ದನ್ನೂ ಹೇಳಿದರು. ಚಪ್ಪಾಳೆ, ವಂದನಾರ್ಪಣೆ, ಚಹಾ. ಬಸ್ಸಿನಲ್ಲಿ ಅಮ್ಮ ಮನೆಮಾತು ದಖನಿಯಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಇಷ್ಟು: “ಅರ್ಧ ತಿಳೀತು. ಉಳಿದ ಅರ್ಧ ಯಾರನ್ನ ಕೇಳಬೇಕಿತ್ತು? ಅವು ಹೊತ್ತು ಮುಳುಗಿದ ಮ್ಯಾಲೆ ಹೊಲಕ್ಕ ಹೋಗಿ ಮುಂಜಾನೆ ಕೆರಿಗೆ ಬರ್ತಾವ, ಅದನ್ನ ಆ ಸಾಹೇಬ್ರು ಹೇಳಲೇ ಇಲ್ಲ.”

ಆ ಮಾತು ನಮ್ಮನ್ನು ಬಹಳ ದಿನ ಕಾಡಿತು. ಮಾಗಡಿಯ ನೆರೆಯ ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ಕನ್ನಡದ ತಿರುಳು ಇರುವ ನಾಡನ್ನು ಗುರುತಿಸುವಾಗ ಕವಿರಾಜಮಾರ್ಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಅದೂ ಒಂದು. ಆ ಸೀಮೆಯಲ್ಲೇ ಹುಟ್ಟಿ ಬೆಳೆದು, ಸಂತೆಯಲ್ಲಿ ನೆರೆಹೊರೆಯಲ್ಲಿ ಜೀವನವಿಡೀ ಕನ್ನಡ ಆಡಿದ ಹೆಂಗಸಿಗೆ ವೇದಿಕೆಯ ಕನ್ನಡ ಅರ್ಧವಷ್ಟೇ ದಕ್ಕುತ್ತದೆ. ಸಭೆಯಲ್ಲಿ ಆ ಹಕ್ಕಿಗಳನ್ನು ಆಕೆಯಷ್ಟು ಹತ್ತಿರದಿಂದ ಕಂಡವರು ಬೇರೆ ಯಾರೂ ಇರಲಿಲ್ಲವೇನೋ. ಆದರೆ ಆಕೆ ಕೇಳುಗಳು ಮಾತ್ರ. ‘ಉಚಿತ’ ಎಂದರೆ ಹಣ ಕೇಳುವುದಿಲ್ಲ ಎಂದಷ್ಟೇ ಅರ್ಥ. ತಿಳಿಯುವ ಭಾಷೆ, ಹಗಲಿನ ಹೊತ್ತು, ಎದ್ದು ನಿಂತು ಪ್ರಶ್ನೆ ಕೇಳುವ ಧೈರ್ಯ ಇವೂ ಬಾಗಿಲಲ್ಲಿ ಕಟ್ಟಬೇಕಾದ ಶುಲ್ಕಗಳೇ.

ಹಾಗಾಗಿ ಕಳೆದ ಚಳಿಗಾಲದಲ್ಲಿ ನಾವೇ ಒಂದು ಪಡಸಾಲೆಯಲ್ಲಿ ಚಾಪೆ ಹಾಸಿದೆವು. ಮಧ್ಯಾಹ್ನದ ಊಟವಾದ ಮೇಲೆ ಅರ್ಧ ತಾಸು ಮಾತು, ಅರ್ಧ ತಾಸು ಪ್ರಶ್ನೆ. ಕನ್ನಡದಲ್ಲೂ ಸರಿ, ದಖನಿಯಲ್ಲೂ ಸರಿ. ಮೊದಲ ಸಲ ಹನ್ನೊಂದು ಮಂದಿ. ಪೂಜಾರಿಯವರ ಮನೆಯ ಅಜ್ಜಿಯೂ ಬಂದಿದ್ದರು, ಮಸೀದಿಯ ಓಣಿಯ ಮುದುಕರೂ ಬಂದಿದ್ದರು. ನಿವೃತ್ತ ವಿಜ್ಞಾನ ಮೇಷ್ಟ್ರೊಬ್ಬರು ಕಣ್ಣಿನ ಪೊರೆಯ ಬಗ್ಗೆ ಮಾತಾಡಿದರು. ಎರಡನೆಯ ಸಲ ಮಾಮು ಎದ್ದು ನಿಂತು, ಹಾಸು ಹೊಕ್ಕು ಎಂದರೇನು, ಕೈಮಗ್ಗದ ಸೀರೆಯನ್ನು ಯಂತ್ರದ್ದರಿಂದ ಬೇರೆ ಮಾಡಿ ಗುರುತಿಸುವುದು ಹೇಗೆ ಎಂದು ತೋರಿಸಿದರು. ಮೇಷ್ಟ್ರೇ ಮುಂದೆ ಕುಳಿತು ಪ್ರಶ್ನೆ ಕೇಳಿದರು. ಮೂರನೆಯದು ಅಮ್ಮನದು, ಹೆಬ್ಬಾತುಗಳ ದಿನಚರಿ. ಅದು ಮುಗಿಯುವಷ್ಟರಲ್ಲಿ, ಬೆಳೆ ತಿನ್ನುವ ಹಕ್ಕಿಯನ್ನು ಓಡಿಸಬೇಕೋ ಉಳಿಸಬೇಕೋ ಎಂದು ಇಬ್ಬರು ಅಜ್ಜಂದಿರು ಜಗಳಕ್ಕೇ ನಿಂತರು. ನಾಲ್ಕನೆಯ ಸಲ ಮೆಣಸಿನಕಾಯಿಯ ಸುಗ್ಗಿ; ಯಾರೂ ಬರಲಿಲ್ಲ.

ಪಡಸಾಲೆಯ ಇಂಥ ಕೂಟ ನಾಲ್ಕು ಜನರ ಉತ್ಸಾಹದ ಮೇಲೆ ನಿಂತದ್ದು. ಆ ಉತ್ಸಾಹ ಕರಗಿದರೆ ಅದೂ ಕರಗುತ್ತದೆ. ಗ್ರಾಮ ಪಂಚಾಯತಿ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಎಂಬ ಒಳ್ಳೆಯ ಹೆಸರು ಬಂದಿದೆ. ಓದಲು ಬಾರದವರೂ ತಿಂಗಳಿಗೊಮ್ಮೆ ಅಲ್ಲಿ ಹಗಲು ಹೊತ್ತು ಕುಳಿತು ಕೇಳುವಂತಾದರೆ, ಹೇಳುವಂತಾದರೆ, ಆ ಹೆಸರಿಗೆ ಇನ್ನಷ್ಟು ಅರ್ಥ ಬರುತ್ತದೆ. ಪಟ್ಟಣದ ಉಪನ್ಯಾಸಕರು ವರ್ಷಕ್ಕೊಮ್ಮೆ ಹಳ್ಳಿಯ ಚಾಪೆಯ ಮೇಲೆ ಕುಳಿತರೆ ಅವರಿಗೂ ನಷ್ಟವಿಲ್ಲ.

ಸುಗ್ಗಿ ಮುಗಿದ ಮೇಲೆ ಯಾವ ವಿಷಯ ಇಟ್ಟುಕೊಳ್ಳೋಣ ಎಂದು ಕೇಳಿದೆವು. ಸೂಫಿಗಳ ಚರಿತ್ರೆ, ವಚನಗಳು ಎಂದು ನಾವು ಅಂದುಕೊಂಡಿದ್ದೆವು. ಅವರು ಆರಿಸಿದ್ದು ಜಮೀನಿನ ಉತಾರ ಓದುವುದು ಹೇಗೆ ಎಂಬುದನ್ನು. “ಹೆಬ್ಬೆಟ್ಟು ಒತ್ತೂದಕ್ಕಿಂತ ಮೊದಲು ಅದರಾಗ ಏನೈತಿ ಅಂತ ಗೊತ್ತಾಗಬೇಕು,” ಎಂದರು ಅಮ್ಮ. ಒಬ್ಬ ನಿವೃತ್ತ ತಲಾಟಿ ಬರಲು ಒಪ್ಪಿದ್ದಾರೆ.